ಮುಸುಕಿನ ಕೆಳಗೆ ಕೇಳಿಸಿದ್ದು

ತಲೆತುಂಬ ವೈರು ಅಂಟಿಸಿಕೊಂಡು ಶಾದ್ಲಿಯಾ ಮೂರು ದಿನದಿಂದ ಸ್ಫಾಕ್ಸ್ ಎಂಬ ಕಡಲೂರಿನ ಆಸ್ಪತ್ರೆಯೊಂದರಲ್ಲಿ ಫಿಟ್ಸ್‌ಗಾಗಿ ಕಾಯುತ್ತಿದ್ದಳು. ಒಂಬತ್ತು ವರ್ಷ ಹೇಳದೆ ಕೇಳದೆ ಬಂದು ಬೀಳಿಸುತ್ತಿದ್ದದ್ದು, ಗೋಡೆಯ ಕ್ಯಾಮೆರಾ ಕಣ್ಣು ಬಿಟ್ಟುಕೊಂಡು ಕೂತ ಮೇಲೆ ಪತ್ತೆಯೇ ಇಲ್ಲ. ಹಾಳಾದ್ದು, ಬೇಕೆಂದಾಗ ಬರುವ ಜಾತಿಯೇ ಅಲ್ಲ ಅದು.

ಬರಲಿ, ಮೆದುಳಿನಲ್ಲಿ ರೋಗ ಸಿಗಲಿ ಎಂಬುದೇ ಅವಳ ಹರಕೆ. ಮೀನುಗಾರ ಗಂಡ ಮೊನ್ಸೆಫ್ ಸಮುದ್ರದ ಪಾಲಾದ ಮೇಲೆ ಅವನ ಅಕ್ಕ ಮನೂಬಿಯಾ ಅವಳನ್ನು ಮನೆಯಲ್ಲಿಟ್ಟುಕೊಂಡಿದ್ದಳು. ಮಕ್ಕಳಿಲ್ಲ, ತವರಿಲ್ಲ. ಆಸ್ಪತ್ರೆಗೆ ಹೊರಟಾಗ ಮನೂಬಿಯಾ ಚಪ್ಪಲಿ ಮೆಟ್ಟುತ್ತಾ ಹೇಳಿದ್ದಳು: "ರೋಗ ಅಂದ್ರೆ ಸಾಯೋವರ್ಗೂ ನೋಡ್ಕೋತೀನಿ ಕಣೇ. ನಾಟಕ ಅಂತ ಗೊತ್ತಾಯ್ತೋ, ನನ್ನ ಹೊಸ್ತಿಲು ತುಳೀಬೇಡ."

ಶಾದ್ಲಿಯಾ ಒಂದು ಗುಟ್ಟು ಬಚ್ಚಿಟ್ಟುಕೊಂಡಿದ್ದಳು. ಬಿದ್ದಾಗ ಕೈಕಾಲು ಹಿಡಿತಕ್ಕೆ ಸಿಗುತ್ತಿರಲಿಲ್ಲ, ನಾಲಿಗೆ ಏಳುತ್ತಿರಲಿಲ್ಲ, ಆದರೆ ಕಿವಿ ಕೇಳುತ್ತಿತ್ತು. ಬಿದ್ದ ಹೆಂಗಸಿನ ಮುಖ ನಾಲ್ಕು ಜನಕ್ಕೆ ಕಾಣಬಾರದೆಂದು ಮನೂಬಿಯಾ ಓಡಿಬಂದು, ತಾನು ಹೊದ್ದ ಬಿಳಿ ಸಫ್ಸಾರಿ ಮುಸುಕನ್ನೇ ಅವಳ ಮುಖಕ್ಕೆ ಹೊದಿಸುತ್ತಿದ್ದಳು. ಮುಷ್ಟಿಯಲ್ಲಿ ಬೀಗದ ಕೈ ತುರುಕುತ್ತಿದ್ದಳು. ಮುಖ ಮುಚ್ಚಿದರೆ ಕಿವಿಯೂ ಮುಚ್ಚಿತೆಂದು ಎಲ್ಲರ ನಂಬಿಕೆ. ಆಮೇಲೆ ಅವಳ ತಲೆಯ ಮೇಲೆಯೇ ಮಾತು ಶುರುವಾಗುತ್ತಿತ್ತು. "ಇನ್ನೆಷ್ಟು ವರ್ಷ ಇವಳ ಚಾಕರಿ, ಮನೂಬಿಯಾ?" ಎಂದು ನೆರೆಯವಳು ಕೇಳಿದ್ದಳು ಒಮ್ಮೆ. "ಸಮುದ್ರ ನನ್ನ ತಮ್ಮನ ಬದ್ಲು ಇವಳನ್ನ ತಗೊಂಡಿದ್ರೆ ಆಗ್ತಿತ್ತು," ಎಂದಿದ್ದಳು ಮನೂಬಿಯಾ.

ಎದ್ದ ಮೇಲೆ ಅದೇ ಮನೂಬಿಯಾ ತಲೆ ಎತ್ತಿ ಹಿಡಿದು ನೀರು ಕುಡಿಸಿದ್ದಳು. ಶಾದ್ಲಿಯಾ ನೀರಿನ ಜೊತೆ ಆ ಮಾತನ್ನೂ ನುಂಗಿದ್ದಳು. ಕೇಳಿಸಿತು ಎಂದರೆ ಕಳ್ಳಿ ಎನ್ನುತ್ತಾರೆ. ಅಷ್ಟು ಜನ ಸುತ್ತ ಕೂತಿರುವಾಗ ಅವಳಷ್ಟು ಒಂಟಿ ಇನ್ನೊಬ್ಬರಿರಲಿಲ್ಲ.

ಮೂರನೆಯ ಮಧ್ಯಾಹ್ನ ಆಯಾ ಪಕ್ಕದ ಮಂಚಕ್ಕೆ ಹಾಸಲು ಬಿಳಿ ಬಟ್ಟೆ ಕೊಡವಿದಳು. ಶಾದ್ಲಿಯಾಳ ಕತ್ತು ಅತ್ತಿತ್ತ ಹೊರಳತೊಡಗಿತು, ಮೈ ಅದುರಿತು. ಮನೂಬಿಯಾ ಕ್ಯಾಮೆರಾ ಗೀಮೆರಾ ಎಲ್ಲ ಮರೆತು ಸಫ್ಸಾರಿ ಎಳೆದು ಮುಖ ಮುಚ್ಚಿಬಿಟ್ಟಳು.

"ತೆಗೀರಿ ತಾಯಿ ಅದನ್ನ!" ಡಾಕ್ಟರ್ ದೊರ್ರಾ ಓಡಿಬಂದಳು. "ಆ ಮುಖ ನೋಡೋಕೇ ಮೂರು ದಿನದಿಂದ ಕಾದಿದೀವಿ!"

"ಗಂಡಸ್ರು ನೋಡಿದ್ರೆ?"

"ಎಲ್ಲಿದಾರೆ ಗಂಡಸ್ರು? ನಾನು, ನೀವು, ಆಯಾ, ಈ ಗೋಡೆ!"

ಬಟ್ಟೆ ಸರಿಯಿತು. ಒಂಬತ್ತು ವರ್ಷದಲ್ಲಿ ಮೊದಲ ಸಲ.

ಸಂಜೆ ದೊರ್ರಾ ಒಬ್ಬಳೇ ಬಂದು ಮಂಚದ ಅಂಚಿನಲ್ಲಿ ಕೂತಳು. "ಇದು ಮೂರ್ಛೆರೋಗ ಅಲ್ಲಮ್ಮ. ನೀವು ಅದುರ್ತಿದ್ದಾಗ್ಲೂ ಮೆದುಳಿನ ಅಲೆ ಎಚ್ಚರ ಇರೋರದ್ದೇ. ಆ ರೋಗದಲ್ಲಿ ಸಾಮಾನ್ಯವಾಗಿ ಕಣ್ಣು ತೆರೆದಿರುತ್ತೆ. ನೀವು ಬಿಗಿಯಾಗಿ ಮುಚ್ಚಿದ್ರಿ, ಒಳಗಿಂದ ನೀರು ಇಳೀತಿತ್ತು. ಆಗ ಏನಾದ್ರೂ ಕೇಳಿಸ್ತಿತ್ತಾ?"

"ಕೇಳಿಸ್ತಿತ್ತು," ಎಂದಳು ಶಾದ್ಲಿಯಾ. "ಆದ್ರೆ ನಾನು ನಾಟಕ ಆಡಿಲ್ಲ, ದೇವರಾಣೆ."

"ಗೊತ್ತು. ನಾಟಕ ಅಲ್ಲ. ನಿಮ್ಮ ಕೈಲಿ ನಿಲ್ಸೋಕೂ ಆಗಲ್ಲ. ಇದೂ ಕಾಯಿಲೇನೇ, ಮಾತಾಡಿ ಮಾತಾಡಿ ವಾಸಿ ಮಾಡೋದು. ಮೊದಲ ಸಲ ಬಂದಿದ್ದು ಯಾವತ್ತು?"

"ಅವ್ರನ್ನ ತಂದ ದಿನ. ನಾಲ್ಕು ದಿನ ನೀರಲ್ಲಿದ್ರು. ಬಿಳಿ ಬಟ್ಟೆ ಸುತ್ತಿದ್ರು. ಮುಖ ಒಂದ್ಸಲ ತೋರ್ಸಿ ಅಂದೆ. ಅಕ್ಕ ಬೇಡ ಅಂದ್ರು."

ಅವಳ ಒಪ್ಪಿಗೆ ಕೇಳಿಯೇ ದೊರ್ರಾ ಎಲ್ಲವನ್ನೂ ಮನೂಬಿಯಾಗೆ ಹೇಳಿದಳು, ಕ್ಯಾಮೆರಾ ಹಿಡಿದ ಚಿತ್ರವನ್ನೂ ತೋರಿಸಿದಳು. ಮನೂಬಿಯಾ ನೋಡಿ ಮುಗಿಸಿ, ಶಾದ್ಲಿಯಾಳತ್ತ ತಿರುಗಿ ಒಂದೇ ಮಾತು ಕೇಳಿದಳು: "ಎಲ್ಲಾ ಕೇಳಿಸ್ತಿತ್ತಾ?"

"ಎಲ್ಲಾ."

ಮರುದಿನ ಓಣಿಯುದ್ದಕ್ಕೂ ಮನೂಬಿಯಾ ಮುಂದೆ ಮುಂದೆ ನಡೆದಳು. ಬಾಗಿಲಿನ ಬೀಗ ತೆಗೆದು ಒಳಗೆ ಹೋದಳು. ಶಾದ್ಲಿಯಾ ಗಂಟು ಹಿಡಿದು ಓಣಿಯಲ್ಲೇ ನಿಂತಳು. ಮನೂಬಿಯಾ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಎದುರು ಮನೆಯ ಹಗ್ಗದ ಮೇಲೆ ಯಾರದೋ ಬಿಳಿ ಬಟ್ಟೆ ಒಣಗುತ್ತಿತ್ತು. ಕಾಲ ಕೆಳಗಿನ ನೆಲ ಜಾರಿತು.

ನೆರೆಯವರು ಸುತ್ತ ಸೇರಿದ ಸದ್ದು ಕೇಳಿಸಿತು. ಮುಚ್ಚಿದ ಕಣ್ಣಿನ ಹಿಂದೆ ಶಾದ್ಲಿಯಾ ಮುಸುಕಿಗಾಗಿ ಕಾದಳು. ಬರಲಿಲ್ಲ.

"ಹೋಗ್ರೇ ಎಲ್ಲಾ," ಎಂದಿತು ಮನೂಬಿಯಾಳ ದನಿ. "ಅವಳಿಗೆ ಕಿವಿ ಕೇಳುತ್ತೆ. ಇನ್ಮೇಲೆ ಬಾಯಿ ಮೇಲೆ ನಿಗಾ ಇರ್ಲಿ."

ಹೆಜ್ಜೆಗಳು ದೂರವಾದವು. ಒರಟು ಅಂಗೈಯೊಂದು ಅವಳ ಕೆನ್ನೆಯ ನೀರು ಒರೆಸಿತು.

"ನನ್ನ ಮಾತೂ ಕೇಳಿಸ್ಕೊಂಡಿದೀಯ. ಅದನ್ನ ವಾಪಸ್ ತಗೊಳೋಕೆ ಬರಲ್ಲ. ಇದನ್ನೂ ಕೇಳು. ಅವನ ಮುಖ ನೋಡಿದ್ದು ನಾನೊಬ್ಬಳೇ. ಒಂದು ಕಣ್ಣನ್ನ ಮೀನು ತಿಂದಿತ್ತು ಕಣೇ. ಅದಕ್ಕೇ ನಿಂಗೆ ಬೇಡ ಅಂದೆ. ಗಡ್ಡದಲ್ಲಿ ಉಪ್ಪು ಕಟ್ಟಿತ್ತು. ನೀನು ಹೊಲಿದು ಹಾಕಿದ್ದ ಅಂಗಿ ಗುಂಡಿ ಒಂದೂ ಕಿತ್ತಿರ್ಲಿಲ್ಲ." ಅಂಗೈ ಕೆನ್ನೆಯ ಮೇಲೆಯೇ ಉಳಿಯಿತು. "ಒಂಬತ್ತು ವರ್ಷ ಯಾರ ಹತ್ರಾನೂ ಹೇಳಿಲ್ಲ. ಯಾರಿಗೆ ಹೇಳ್ಲಿ?"

ಶಾದ್ಲಿಯಾಳ ಕತ್ತು ಹೊರಳುವುದು ನಿಂತಿತು. ಕಣ್ಣು ಇನ್ನೂ ಬಿಟ್ಟಿರಲಿಲ್ಲ. ನಾಲಿಗೆ ಹೊರಳಲು ಬಹಳ ಹೊತ್ತು ಹಿಡಿಯಿತು.

"ಇನ್ನೂ ಹೇಳಿ ಅಕ್ಕಾ," ಎಂದಳು.