ತುಳಸಿಕಟ್ಟೆಯ ಹಿಡಿಮಣ್ಣು

ನಾನೊಂದು ಗಾಜಿನ ಬೀಕರು. ಬೆಂಕಿಯಲ್ಲೇ ಹುಟ್ಟಿದವನಾದ್ದರಿಂದ ಕುದಿಯುವುದೆಂದರೆ ನನಗೆ ಹೆದರಿಕೆಯಿಲ್ಲ. ಧಾರವಾಡದ ಒಂದು ಮಣ್ಣು ಪರೀಕ್ಷೆಯ ಪ್ರಯೋಗಾಲಯಕ್ಕೆ ಬಂದಾಗ ಮೈ ಫಳಫಳ ಹೊಳೆಯುತ್ತಿತ್ತು, ಜಂಬವೂ ಅಷ್ಟೇ ಇತ್ತು.

ನನ್ನೊಳಗೆ ಮಣ್ಣು ಹಾಕಿ, ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಸುರಿದು ಬಿಸಿನೀರಿನಲ್ಲಿ ಇಡುತ್ತಿದ್ದರು. ಅದು ಬುಸುಬುಸು ಉಕ್ಕಿ, ಕೊಳೆತ ಎಲೆ, ಬೇರು, ಗೊಬ್ಬರ ಎಲ್ಲವನ್ನೂ ತಿಂದುಹಾಕುತ್ತಿತ್ತು. ಉಳಿಯುವುದು ಬರೀ ಮರಳು, ಜೇಡಿ. ಆಗಲೇ ಕಣಗಳನ್ನು ಸರಿಯಾಗಿ ಅಳೆಯಲು ಬರುವುದು. ಮಣ್ಣನ್ನು ಶುದ್ಧ ಮಾಡುವವನು ನಾನೇ ಎಂದು ಬೀಗುತ್ತಿದ್ದೆ.

ಅಲ್ಲಿ ಕೆಲಸ ಮಾಡುತ್ತಿದ್ದ ಶಿವಲೀಲಾ ಮೇಡಂ ಅವರ ಊರು ಸಿರಗುಂಟಿ, ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಊರು ಬಿಡುವಾಗ ಅವರ ತಾಯಿ ನಿಂಬೆವ್ವ ತುಳಸಿಕಟ್ಟೆಯ ಒಂದು ಹಿಡಿ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಹೊಸ ಮನೆಯ ತುಳಸಿಯನ್ನು ಅದರಲ್ಲೇ ನೆಡಬೇಕೆಂಬುದು ಅವರ ಒಂದೇ ಆಸೆ. ಮನೆ ಮುಗಿಯುವವರೆಗೆ ಜೋಪಾನವಾಗಿಡು ಎಂದು ಮಗಳಿಗೆ ಕೊಟ್ಟರು. ಮಣ್ಣು ಕೈಗೆ ಬಂದರೆ ಲಕೋಟೆಗೆ ಹಾಕಿ ಊರ ಹೆಸರು ಬರೆಯುವುದು ಪ್ರಯೋಗಾಲಯದವರ ರೂಢಿ. ಮೇಡಂ ಇದಕ್ಕೂ ಹಾಗೇ ಮಾಡಿ ಅಲ್ಲಿನ ಕಪಾಟಿನಲ್ಲಿಟ್ಟರು.

ಅವರು ರಜೆಯಲ್ಲಿದ್ದ ದಿನ ಜೊತೆಯವರಾದ ಹೊಳೆಬಸಪ್ಪ ಆ ಲಕೋಟೆ ನೋಡಿ, ಪರೀಕ್ಷೆಗೆ ಬಂದ ಮಣ್ಣೆಂದು ತಿಳಿದರು. ಪಾಪ, ಒಳ್ಳೆಯ ಮನುಷ್ಯ, ಮೇಡಂ ಕೆಲಸ ಹಗುರಾಗಲಿ ಎಂದುಕೊಂಡು ಪೂರಾ ನನ್ನೊಳಗೆ ಸುರಿದರು. ಆ ಮಣ್ಣು ಉಕ್ಕಿದ ಹಾಗೆ ಇನ್ನಾವ ಮಣ್ಣೂ ಉಕ್ಕಿರಲಿಲ್ಲ. ಎಷ್ಟು ವರ್ಷದ ಸಗಣಿನೀರು, ಎಷ್ಟು ಉದುರಿದ ತುಳಸಿ ಎಲೆ! ನೊರೆ ನನ್ನ ಅಂಚಿನವರೆಗೂ ಏರಿತು. ಆಮೇಲೆ ಇಳಿಯಿತು. ತಳದಲ್ಲಿ ಬಿಳಿಚಿಕೊಂಡ ಪುಡಿ ಉಳಿಯಿತು.

“ನಿಮ್ಮ ಸ್ಯಾಂಪಲ್ಲೂ ಮುಗಿಸೀನ್ರಿ ಮೇಡಂ,” ಎಂದರು ಮರುದಿನ, ನಗುತ್ತಾ. ಮೇಡಂ ನನ್ನನ್ನು ಎದೆಗವಚಿಕೊಂಡು ಅತ್ತುಬಿಟ್ಟರು. ಹೊಳೆಬಸಪ್ಪನವರ ನಗು ಹಾಗೇ ಬತ್ತಿಹೋಯಿತು. ಅಂದೇ ನನ್ನ ಜಂಬವೂ ಇಳಿಯಿತು.

ಸಂಜೆ ಮೇಡಂ ನನ್ನನ್ನು ಮನೆಗೆ ಒಯ್ದರು. ನಿಂಬೆವ್ವ ಒಂದು ಚಿಟಿಕೆ ಮಣ್ಣು ತೆಗೆದು ಮೂಗಿಗೆ ಹಿಡಿದರು.

“ಇದು ನಮ್ಮ ಮಣ್ಣಲ್ಲ ತಗೀ. ವಾಸನೀನ ಇಲ್ಲ. ನಮ್ದು ಎಲ್ಲಿಟ್ಟೀ?”

ಮೇಡಂ ನಿಜ ಮುಚ್ಚಿಟ್ಟರು. “ಹುಡುಕ್ತೀನಿ ಯವ್ವಾ,” ಎಂದರು.

ಈಗ ನನ್ನ ಅಂಚು ಚಕ್ಕೆ ಎದ್ದಿದೆ. ಅದೇ ಮಣ್ಣನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೊಸ ಮನೆಯ ಕಿಟಕಿಯಲ್ಲಿ ಕೂತಿದ್ದೇನೆ. ಹೊರಗೆ ತುಳಸಿಕಟ್ಟೆ ಖಾಲಿಯಿದೆ, ಸಸಿ ನೆಡಲು ನಿಂಬೆವ್ವ ಬಿಡುವುದಿಲ್ಲ. ದಿನಾ ಧೂಳು ಹೊಡೆಯುವಾಗ ನನ್ನನ್ನೂ ಎತ್ತಿ, ಒರೆಸಿ, ಮತ್ತೆ ಅಲ್ಲೇ ಇಡುತ್ತಾರೆ. ಆಮೇಲೆ ಒಳಗೆ ಮುಖ ಮಾಡಿ ಕೇಳುತ್ತಾರೆ:

“ಶಿವಲೀಲಾ, ಸಿಕ್ತೇನವಾ ನಮ್ಮ ಮಣ್ಣು?”