‘ಸೆಟ್’ಗೆ ನೂರನಲವತ್ತು ಕಾರ್ಡು

ನಿಘಂಟು ಕಚೇರಿಯಲ್ಲಿ ಅತ್ತಿಗೆ ನಾದಿನಿಯರಿಗೆ ಎದುರುಬದುರು ಮೇಜು. ಹಾಗೆ ಕೂರಿಸಿದವರಿಗೆ ಒಳ್ಳೆಯದಾಗದಿರಲಿ. ಇಪ್ಪತ್ತೊಂದು ವರ್ಷದಿಂದ ಇಂಗ್ಲಿಷ್ ಪದಗಳಿಗೆ ಕನ್ನಡದ ಅರ್ಥ ಬರೆಯುತ್ತಿದ್ದ ಅತ್ತಿಗೆಯೇ, ಗಂಡನ ತಂಗಿಯೆಂದು ನಾದಿನಿಯನ್ನು ಕೆಲಸಕ್ಕೆ ಸೇರಿಸಿದ್ದಳು. ಈಗ ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತಿತ್ತು.

ನಿವೃತ್ತಿ ಹತ್ತಿರವಾಗಿದ್ದ ಸಂಪಾದಕರು ಅತ್ತಿಗೆಗೆ ‘ಸೆಟ್’, ನಾದಿನಿಗೆ ‘ರನ್’ ಕೊಟ್ಟು, “ಯಾರ ಪದಕ್ಕೆ ಹೆಚ್ಚು ಅರ್ಥ ಉಳಿಯುತ್ತೋ ಅವರಿಗೆ ನನ್ನ ಕುರ್ಚಿ,” ಎಂದುಬಿಟ್ಟರು. ಒಂದು ಅರ್ಥಕ್ಕೆ ಒಂದು ಕಾರ್ಡು. ಅದಕ್ಕೆ ಎದುರು ಮೇಜಿನವರ ಸಹಿ ಬೀಳಬೇಕು. ಬೀಳದಿದ್ದರೆ ಹರಿದು ಬುಟ್ಟಿಗೆ. ಅದು ಅಲ್ಲಿನ ಹಳೆಯ ಪದ್ಧತಿ.

ಅತ್ತಿಗೆಯದು ನೂರನಲವತ್ತು ಕಾರ್ಡು, ನಾದಿನಿಯದು ನೂರನಲವತ್ತೆರಡು. ಎರಡೇ ಎರಡು! ಅತ್ತಿಗೆ ಒಂದು ನಿಯಮ ಬರೆದು, ಸಂಪಾದಕರನ್ನು ಒಪ್ಪಿಸಿ ಗೋಡೆಗೆ ಅಂಟಿಸಿದಳು: ಕನ್ನಡದಲ್ಲಿ ಒಂದೇ ಮಾತು ಸಾಕಾದರೆ ಅದು ಒಂದೇ ಅರ್ಥ.

“ಅಂಗಡಿ ನಡೆಸು, ಯಂತ್ರ ನಡೆಸು, ಶಾಲೆ ನಡೆಸು. ಎಲ್ಲಾ ನಡೆಸೋದೇ ತಾನೆ? ಒಂದು ಕಾರ್ಡು ಸಾಕು,” ಎಂದು ಉಳಿದವನ್ನು ಪರಪರ ಹರಿದಳು. ಚುನಾವಣೆಯಲ್ಲಿ ಇಂಗ್ಲಿಷಿನವರು ಓಡುತ್ತಾರೆ, ನಾವು ನಿಲ್ಲುತ್ತೇವೆ. ಆ ಕಾರ್ಡಿಗೆ ಮಾತ್ರ ಹಲ್ಲು ಕಚ್ಚಿಕೊಂಡು ಸಹಿ ಹಾಕಿದಳು. ಸಂಜೆಗೆ ‘ರನ್’ ತೊಂಬತ್ತಕ್ಕೆ ಇಳಿದಿತ್ತು. ಅತ್ತಿಗೆಗೆ ಹಾಲು ಕುಡಿದಷ್ಟು ಸಂತೋಷ.

ಮರುದಿನ ನಾದಿನಿ ‘ಸೆಟ್’ ಕಟ್ಟು ಬಿಚ್ಚಿದಳು.

“ತಟ್ಟೆ ಇಡು, ಅಲಾರಂ ಇಡು, ಬೋನು ಇಡು, ಗುರಿ ಇಡು, ಬೆಂಕಿ ಇಡು. ಎಲ್ಲಾ ಇಡೋದೇ ತಾನೆ, ಅತ್ತಿಗೆ?”

“ತಟ್ಟೆ ಇಡೋದೂ ಬೆಂಕಿ ಇಡೋದೂ ಒಂದೇನೇ, ಮನೆಹಾಳಿ?”

“ನನ್ನನ್ನ ಯಾಕೆ ಕೇಳ್ತೀರ? ಗೋಡೆನ ಕೇಳಿ. ಅಕ್ಷರ ನಿಮ್ದೇ.”

ಹರಿಯುವ ಸದ್ದು ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ಮುಳುಗುವ ಸೂರ್ಯ, ಗಟ್ಟಿಯಾಗುವ ಸಿಮೆಂಟು, ಕೂಡಿಸುವ ಮೂಳೆ, ಹೀಗೆ ಉಳಿದದ್ದು ಅರವತ್ತೊಂದು. ಸಂಪಾದಕರು ಎರಡು ಸಲ ಎಣಿಸಿ, ಅತ್ತಿಗೆಯ ಮುಖ ನೋಡದೆ ಕೋಣೆಯ ಬೀಗದ ಕೈಯನ್ನು ನಾದಿನಿಯ ಮೇಜಿನ ಮೇಲಿಟ್ಟರು. ನನ್ನ ಕೈಯಾರೆ ನಾನೇ ಕೆಟ್ಟೆನಲ್ಲಾ ಎಂದು ಅತ್ತಿಗೆ ಗೋಡೆಯ ಮೇಲಿನ ತನ್ನ ನಿಯಮವನ್ನು ಇನ್ನೊಮ್ಮೆ ಓದಿದಳು.

ಕುರ್ಚಿಯಲ್ಲಿ ಕೂತ ನಾದಿನಿ ಮೊದಲು ಹೇಳಿದ್ದು ಇಷ್ಟು: “ಆ ದರಿದ್ರ ನಿಯಮ ಕಿತ್ತು ಹಾಕಿ. ಹರಿದ ಕಾರ್ಡೆಲ್ಲ ಮತ್ತೆ ಬರೀರಿ ಅತ್ತಿಗೆ, ನನ್ನವೂ ಸೇರಿಸಿ. ಸರಿಯಾಗಿದ್ರೆ ಸಹಿ ಹಾಕ್ತೀನಿ.”

ಅತ್ತಿಗೆ ಬುಟ್ಟಿ ಎಳೆದುಕೊಂಡು ಕೂತಳು. ಮೊದಲು ಕೈಗೆ ಸಿಕ್ಕಿದ್ದು ‘ಬೆಂಕಿ ಇಡು’ ಕಾರ್ಡಿನ ಚೂರು. ಬರೆಯುವ ರಭಸಕ್ಕೆ ಹೊಸ ಕಾರ್ಡು ತೂತಾಯಿತು. ಇನ್ನೊಂದು ತೆಗೆದುಕೊಂಡಳು.