ಕಾಮಣ್ಣನ ದೋಣಿಗೆ ದೇವಿಯ ಬಾಗಿಲು

ಜನರನ್ನು ಹೊಳೆ ದಾಟಿಸುವ ಕಾಮಣ್ಣನ ದೋಣಿಯ ತಳ ಕೊಳೆತು, ಕೃಷ್ಣೆ ಈಗ ಹೊರಗಷ್ಟೇ ಅಲ್ಲ, ಒಳಗೂ ಹರಿಯತೊಡಗಿದ್ದಳು. ತಗಡು ಬಡಿದರೆ ತುಕ್ಕು ಹಿಡಿಯುತ್ತದೆ, ಪ್ಲೈವುಡ್ ಹಾಕಿದರೆ ಉಬ್ಬುತ್ತದೆ, ಸಾಗವಾನಿ ಕೊಳ್ಳಲು ಅವನೇನು ಕಬ್ಬಿನ ಸಾಹುಕಾರನೆ? ಅಷ್ಟರಲ್ಲಿ ಊರದೇವಿ ಲಕ್ಕವ್ವನ ಗುಡಿಗೆ ಕಬ್ಬಿಣದ ಹೊಸ ಬಾಗಿಲು ಬಂತು. ಹಳೆಯ ಸಾಗವಾನಿ ಬಾಗಿಲು ಹಿತ್ತಲಲ್ಲಿ ಬಿದ್ದಿತ್ತು.

"ಗೆದ್ದಲ ತಿನ್ನೂದರಕಿಂತ ನೀ ಒಯ್ದ್ರ ಚಲೋ" ಎಂದ ಪೂಜಾರಿ ಕಾಡಸಿದ್ದ.

ಆ ಬಾಗಿಲಿನ ಹಲಗೆಗಳನ್ನು ಬಿಚ್ಚಿ ದೋಣಿಯ ತಳಕ್ಕೆ ಬಡಿದ ಮರುದಿನ ದಂಡೆಯ ತುಂಬ ಜನ, ದೋಣಿಯಲ್ಲಿ ಒಬ್ಬರೂ ಇಲ್ಲ. ಹಲಗೆಯ ಮೇಲಿನ ಕುಂಕುಮದ ಕಲೆ ಗುರುತಿಸಿ ಎಲ್ಲರೂ ಚಪ್ಪಲಿ ಕಳಚಿ ಕೈ ಮುಗಿದು ನಿಂತಿದ್ದರು. ಆಡು ಕಾಯುವ ತಾರವ್ವ ದೋಣಿಯ ಮೂತಿಗೆ ಕಾಯಿ ಒಡೆದೇಬಿಟ್ಟಳು.

"ಹತ್ತಬೇ ಯವ್ವಾ!" ಎಂದ ಕಾಮಣ್ಣ.

"ತಾಯಿ ಬಾಗಲಾ ತುಳದ್ರ ನನ್ನ ಕಾಲ ಸೆಟದ ಹೋಗ್ತಾವಲೇ ಬಾಡ್ಯಾ!"

ಕಾಮಣ್ಣನ ಪಿತ್ತ ನೆತ್ತಿಗೇರಿತು. ಮೊಳೆ ಕಿತ್ತು, ಹಲಗೆಗಳನ್ನು ಬೋರಲು ಹಾಕಿ ಮತ್ತೆ ಬಡಿದ. "ತಾಯಿ ಮುಖಾ ಹೊಳಿ ಕಡೆ ಮಾಡೀನ್ರಿ. ಇನ್ನ ಮೀನ ಕೈ ಮುಗೀಲಿ, ನೀವು ಹತ್ತರಿ!"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಚಪ್ಪಲಿ ಮೆಟ್ಟಿ ದಬದಬನೆ ಹತ್ತಿದರು. ಎಲ್ಲರಿಗಿಂತ ಮೊದಲು ಹತ್ತಿ ಕೂತ ತಾರವ್ವ, ಬಾಯಲ್ಲಿದ್ದ ನಿಪ್ಪಾಣಿ ತಂಬಾಕನ್ನು ಅದೇ ಹಲಗೆಯ ಮೇಲೆ ಪಿಚಕ್ಕನೆ ಉಗುಳಿದಳು.